ದಿನ ತುಂಬುತ್ತಿದೆ, ಈಗ ಏನೇನು ಮಾಡಬೇಕು? ಮಲೆನಾಡಿನ ಮನೆಗಳಿಗೆ 36ನೇ ವಾರದಿಂದ ಹೆರಿಗೆವರೆಗಿನ ಮಾರ್ಗದರ್ಶಿ

ಎಂಟು ತಿಂಗಳು ಮುಗಿದು ಒಂಬತ್ತಕ್ಕೆ ಬಿದ್ದ ಮೇಲೆ ಮನೆಗೆ ಬಂದವರೆಲ್ಲ ಕೇಳುವುದು ಒಂದೇ ಮಾತು, "ಡೇಟು ಯಾವಾಗ?" ರಾತ್ರಿ ಎರಡು ಗಂಟೆಗೆ ನೋವು ಬಂದರೆ ಯಾರ ಗಾಡಿ, ಯಾವ ದಾರಿ, ಯಾವ ಆಸ್ಪತ್ರೆ ಅಂತ ಕೇಳುವವರು ಕಡಿಮೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ, ಕಳಸ, ಕೊಪ್ಪದ ಕಡೆ ಇರುವವರಿಗೆ ಈ ಎರಡನೇ ಪ್ರಶ್ನೆಯೇ ದೊಡ್ಡದು. "ಐದು ನಿಮಿಷಕ್ಕೊಂದು ನೋವು ಬಂದಾಗ ಹೊರಡಿ" ಅನ್ನುವ ಮಾತನ್ನು ಎಲ್ಲ ಕಡೆ ಓದುತ್ತೀರಿ. ಆಸ್ಪತ್ರೆ ಪಕ್ಕದ ಬೀದಿಯಲ್ಲಿ ಮನೆ ಇದ್ದವರಿಗೆ ಅದು ಸರಿ. ತೋಟದ ಒಳಗಿನ ಮನೆಯಿಂದ ಟಾರು ರಸ್ತೆಗೆ ಬರುವುದಕ್ಕೇ ಅರ್ಧ ಗಂಟೆ ಬೇಕಾದವರಿಗೆ ಸರಿಯಲ್ಲ.

ಅದಕ್ಕೇ ಇದನ್ನು ಹಾಸನ, ಚಿಕ್ಕಮಗಳೂರು ಜಿಲ್ಲೆಯ ದಾರಿ, ಮಳೆ, ಆಸ್ಪತ್ರೆಗಳ ಲೆಕ್ಕ ಹಿಡಿದು ಬರೆಯುತ್ತಿದ್ದೇನೆ. ಬಿಪಿ, ಶುಗರ್, ಹಿಂದೆ ಆದ ಸಿಸೇರಿಯನ್, ಅವಳಿ ಮಕ್ಕಳು, ಇಂಥದ್ದೇನಾದರೂ ಇದ್ದರೆ ನಿಮ್ಮ ಡಾಕ್ಟರ್ ಹೇಳಿದ್ದೇ ಮೊದಲು, ಇದು ಆಮೇಲೆ. ಇನ್ನೊಂದು ವಿನಂತಿ, ಇದನ್ನು ಬಸುರಿ ಒಬ್ಬಳೇ ಓದಿದರೆ ಸಾಲದು. ನೋವು ಶುರುವಾದ ಮೇಲೆ ತೀರ್ಮಾನ ತೆಗೆದುಕೊಳ್ಳುವವರು ಗಂಡ, ಅಮ್ಮ, ಅತ್ತೆ. ಅವರೂ ಈಗಲೇ ಓದಿಕೊಳ್ಳಲಿ.

1. ಡೇಟು ಅಂದರೆ ಅದೇ ದಿನ ಅಲ್ಲ

ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ 280 ದಿನ, ಅಂದರೆ 40 ವಾರ ಎಣಿಸಿ ಡೇಟು ಕೊಡುತ್ತಾರೆ. ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕಿದರೆ ಒಂಬತ್ತು ತಿಂಗಳ ಮೇಲೆ ಏಳು ದಿನ. ಮುಟ್ಟಿನ ದಿನ ಸರಿಯಾಗಿ ನೆನಪಿಲ್ಲದಿದ್ದರೆ ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿನ ಡೇಟನ್ನೇ ನಂಬಬೇಕು. ಕೊನೆಯಲ್ಲಿ ಮಾಡಿದ ಸ್ಕ್ಯಾನಿನ ಡೇಟು ಅಷ್ಟು ನಿಖರ ಅಲ್ಲ, ಅದು ಮಗುವಿನ ಗಾತ್ರ ನೋಡಿ ಹೇಳುವುದು. ಹೇಳಿದ ದಿನವೇ ಹುಟ್ಟುವುದು ಸುಮಾರು ಇಪ್ಪತ್ತು ಮಕ್ಕಳಲ್ಲಿ ಒಂದು ಮಾತ್ರ. 37 ವಾರ ತುಂಬುವ ಮೊದಲು ಹುಟ್ಟಿದರೆ ದಿನ ತುಂಬದ ಮಗು ಅಂತ ಲೆಕ್ಕ. 39ನೇ ವಾರ ದಾಟಿದ ಮಗುವಿನ ಶ್ವಾಸಕೋಶ, ಮಿದುಳು, ಮೈಯ ಕೊಬ್ಬು ಎಲ್ಲ ಚೆನ್ನಾಗಿ ಬಲಿತಿರುತ್ತದೆ.

ಹಾಗಾಗಿ ಡೇಟಿಗೆ ಸರಿಯಾಗಿ ತಯಾರಾಗುವುದಲ್ಲ, 36ನೇ ವಾರಕ್ಕೇ ತಯಾರಾಗಿ ಆಮೇಲೆ ನಿಶ್ಚಿಂತೆಯಿಂದ ಕಾಯುವುದು.

36ನೇ ವಾರದಿಂದ ಸಾಮಾನ್ಯವಾಗಿ ವಾರಕ್ಕೊಮ್ಮೆ ಚೆಕಪ್ ಇರುತ್ತದೆ. ಬಿಪಿ ನೋಡುತ್ತಾರೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತ ನೋಡುತ್ತಾರೆ, ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಅಂತ ತಿಳಿಯುತ್ತಾರೆ, ಎದೆಬಡಿತ ಕೇಳುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳು 9ನೇ ತಾರೀಕು ಗರ್ಭಿಣಿಯರಿಗೇ ಮೀಸಲಾದ ತಪಾಸಣೆ ಇರುತ್ತದೆ, ತಪ್ಪಿಸಬೇಡಿ. ನಾಚಿಕೆ ಬಿಟ್ಟು ಇಷ್ಟು ಕೇಳಿಕೊಂಡು ಬನ್ನಿ: ತಲೆ ಕೆಳಗಿದೆಯಾ? ಮಾಸು ಕೆಳಗೆ ಕೂತಿದೆಯಾ? ನನ್ನ ಹಿಮೋಗ್ಲೋಬಿನ್ ಎಷ್ಟು? ನನಗೆ ನಾರ್ಮಲ್ ಹೆರಿಗೆಗೆ ಏನಾದರೂ ಅಡ್ಡಿ ಇದೆಯಾ? ಮಗು ಕುಂಡೆ ಕೆಳಗಾಗಿ ಕೂತಿದೆ ಅಂತ ಈಗ ಗೊತ್ತಾದರೆ ಏನು ಮಾಡಬೇಕು ಅಂತ ಯೋಚಿಸಲು ಸಮಯ ಇರುತ್ತದೆ. ಹೆರಿಗೆ ಕೋಣೆಯಲ್ಲಿ ಗೊತ್ತಾದರೆ ಇರುವುದಿಲ್ಲ.

ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತ ಕಡಿಮೆ ಅಂತ ಅರ್ಥ, 7ಕ್ಕಿಂತ ಕೆಳಗಿದ್ದರೆ ಅದು ಗಂಭೀರ. ಹೆರಿಗೆಯಲ್ಲಿ ಎಲ್ಲರಿಗೂ ಸ್ವಲ್ಪ ರಕ್ತ ಹೋಗುತ್ತದೆ, ಮೊದಲೇ ಕಡಿಮೆ ಇದ್ದವರಿಗೆ ಅಷ್ಟೇ ಸಾಕು ಕಷ್ಟ ಕೊಡಲು. ನಮ್ಮ ಕಡೆಯವರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಕಾಫಿ, ಟೀ ಜೊತೆ ಕಬ್ಬಿಣದ ಮಾತ್ರೆ ನುಂಗಿದರೆ ಆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮಾತ್ರೆಗೂ ಕಾಫಿಗೂ ಕನಿಷ್ಠ ಒಂದು ಗಂಟೆ ಅಂತರ ಇರಲಿ. ಕ್ಯಾಲ್ಸಿಯಂ ಮಾತ್ರೆಯನ್ನೂ ಬೇರೆ ಹೊತ್ತಿಗೆ ತೆಗೆದುಕೊಳ್ಳಿ. ಮಾತ್ರೆ ಜೊತೆ ನಿಂಬೆಹಣ್ಣಿನ ಪಾನಕವೋ ಕಿತ್ತಳೆಯೋ ಇದ್ದರೆ ಒಳ್ಳೆಯದು. ಕಾಫಿ ಪೂರ್ತಿ ಬಿಡಬೇಕಿಲ್ಲ, ದಿನಕ್ಕೆ ಒಂದೆರಡು ಸಣ್ಣ ಲೋಟಕ್ಕೆ ನಿಲ್ಲಿಸಿದರೆ ಸಾಕು.

ನಿಮ್ಮದು ನೆಗೆಟಿವ್ ರಕ್ತದ ಗುಂಪಾದರೆ, ಮಗುವಿನದು ಪಾಸಿಟಿವ್ ಅಂತ ಬಂದಾಗ ಹೆರಿಗೆಯಾದ 72 ಗಂಟೆ ಒಳಗೆ ಆಂಟಿ-ಡಿ ಇಂಜೆಕ್ಷನ್ ಬೇಕಾಗುತ್ತದೆ. ಆಸ್ಪತ್ರೆಯವರಿಗೆ ಮೊದಲೇ ನೆನಪಿಸಿ. ಅದೇ ಗುಂಪಿನ ರಕ್ತ ಕೊಡಬಲ್ಲ ಒಬ್ಬಿಬ್ಬರ ನಂಬರನ್ನೂ ಇಟ್ಟುಕೊಳ್ಳಿ.

2. ಆಸ್ಪತ್ರೆ, ಗಾಡಿ, ದಾರಿ

ಇದಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ಮನೆಯವರೆಲ್ಲ ಕೂತು ಮಾತಾಡಿ.

ಮೊದಲ ಹೆರಿಗೆ ತವರಲ್ಲಿ ಅನ್ನುವುದು ನಮ್ಮ ರೂಢಿ. ಸೀಮಂತ ಮುಗಿಸಿ ತವರಿಗೆ ಬಂದ ಹುಡುಗಿ ಅಲ್ಲಿಯವರೆಗೆ ಬೇರೆ ಊರಲ್ಲಿ, ಬೇರೆ ಡಾಕ್ಟರ ಹತ್ತಿರ ತೋರಿಸಿರುತ್ತಾಳೆ. ಕಾಗದವೆಲ್ಲ ಗಂಡನ ಮನೆಯ ಬೀರುವಿನಲ್ಲಿ ಉಳಿದಿರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ತಾಯಿ ಕಾರ್ಡ್, ಎಲ್ಲ ಸ್ಕ್ಯಾನ್, ರಕ್ತ ಪರೀಕ್ಷೆ ಚೀಟಿ ತಂದು, ತವರಿನ ಆಶಾ ಕಾರ್ಯಕರ್ತೆಗೆ ಬಂದಿದ್ದೇನೆ ಅಂತ ಹೇಳಿ, ಹೆರಿಗೆ ಆಗಬೇಕಾದ ಆಸ್ಪತ್ರೆಗೆ ಒಮ್ಮೆಯಾದರೂ ಮುಂಚಿತವಾಗಿ ಹೋಗಿ ತೋರಿಸಿ ಬನ್ನಿ. ನೋವಿನಲ್ಲಿ ಮೊದಲ ಸಲ ಕಾಲಿಡುವವಳಿಗೂ, ಈಗಾಗಲೇ ಅಲ್ಲಿ ಚೀಟಿ ಇರುವವಳಿಗೂ ವ್ಯತ್ಯಾಸ ಇದೆ ಅಲ್ವಾ.

ಯಾವ ಆಸ್ಪತ್ರೆ ಆದರೂ ನಾಲ್ಕು ಪ್ರಶ್ನೆ ಕೇಳಿ. ರಾತ್ರಿ ಹೊತ್ತು ಸಿಸೇರಿಯನ್ ಮಾಡುತ್ತಾರಾ? ಅರಿವಳಿಕೆ ಕೊಡುವ ಡಾಕ್ಟರ್ ಕರೆದರೆ ಬರುತ್ತಾರಾ? ರಕ್ತ ಬೇಕಾದರೆ ಎಲ್ಲಿಂದ ತರುತ್ತಾರೆ? ಮಗುವಿಗೆ ಉಸಿರಾಟದ ತೊಂದರೆ ಆದರೆ ಇಲ್ಲೇ ನೋಡುತ್ತಾರಾ, ಬೇರೆ ಕಡೆ ಕಳಿಸುತ್ತಾರಾ? ಇದಕ್ಕೆ ಸರಿಯಾದ ಉತ್ತರ ಬಂದರೆ ತಾಲ್ಲೂಕು ಆಸ್ಪತ್ರೆಯೇ ಎಷ್ಟೋ ಜನಕ್ಕೆ ಸಾಕು. ಬಿಪಿ ಜಾಸ್ತಿ ಇದ್ದವರು, ರಕ್ತ ತುಂಬ ಕಡಿಮೆ ಇದ್ದವರು, ಮಾಸು ಕೆಳಗಿರುವವರು, ಹಿಂದೆ ಸಿಸೇರಿಯನ್ ಆದವರು ಮಾತ್ರ ಮೊದಲೇ ಜಿಲ್ಲಾ ಕೇಂದ್ರದ ಲೆಕ್ಕ ಹಾಕಬೇಕು. ಹಾಸನದಲ್ಲಿ ಹಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ) ಇದೆ, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಇದೆ. ಕೊಪ್ಪ, ಶೃಂಗೇರಿ ಕಡೆಯವರು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗುವುದೂ ಉಂಟು.

ಈಗ ದಾರಿ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಡೇಟು ಇದ್ದರೆ ಘಾಟಿ ಇಳಿದು ಮಂಗಳೂರಿನ ಕಡೆ ಹೋಗುವ ಯೋಜನೆಯೊಂದನ್ನೇ ನಂಬಿ ಕೂರಬೇಡಿ. 2018ರ ಆಗಸ್ಟ್‌ನಲ್ಲಿ ಶಿರಾಡಿ ಘಾಟಿ, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಗುಡ್ಡ ಕುಸಿದು ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಅಷ್ಟು ದೊಡ್ಡದು ಬೇಡ, ಗಾಳಿಗೆ ಒಂದು ಸಿಲ್ವರ್ ಮರ ರಸ್ತೆಗೆ ಅಡ್ಡ ಬಿದ್ದರೂ ಸಾಕು ಎರಡು ಗಂಟೆ ಹೋಗಲು. ಕೈಗರಗಸ, ಕತ್ತಿ, ಹಗ್ಗ, ಟಾರ್ಚ್ ಗಾಡಿಯಲ್ಲಿ ಇರಲಿ. ಎರಡನೇ ದಾರಿ ಯಾವುದು, ಆ ದಾರಿಯ ಸೇತುವೆ ಮೇಲೆ ನೀರು ಹತ್ತುತ್ತದಾ ಅನ್ನುವುದನ್ನು ಊರಿನ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಆಲೂರು, ಸಕಲೇಶಪುರ, ಬೇಲೂರಿನ ಕಾಡಾನೆ ಓಡಾಡುವ ಜಾಗದವರು ಆನೆ ಎಲ್ಲಿದೆ ಅಂತ ತಿಳಿಸುವ ವಾಟ್ಸಾಪ್ ಗುಂಪಿನಲ್ಲಿ ಇರಿ. ಅರಣ್ಯ ಇಲಾಖೆಯ ಹತ್ತಿರದ ಸಿಬ್ಬಂದಿಯ ನಂಬರ್ ಗೋಡೆಗೆ ಅಂಟಿಸಿ. ನೋವಿನಲ್ಲಿರುವವಳನ್ನು ಕೂರಿಸಿಕೊಂಡು ಕತ್ತಲೆಯಲ್ಲಿ ಆನೆ ಎದುರಾದರೆ ಮುಂದೆ ಹೋಗಲೂ ಆಗುವುದಿಲ್ಲ, ಹಿಂದೆ ಬರಲೂ ಆಗುವುದಿಲ್ಲ.

ನನ್ನನ್ನು ಕೇಳಿದರೆ, ಆಸ್ಪತ್ರೆಗೆ ಒಂದೂವರೆ ಗಂಟೆಗಿಂತ ಜಾಸ್ತಿ ದಾರಿ ಇದ್ದು, ಮಳೆಗಾಲವೂ ಆಗಿದ್ದರೆ, 37–38ನೇ ವಾರಕ್ಕೆ ಪೇಟೆಯಲ್ಲಿರುವ ನೆಂಟರ ಮನೆಗೆ ಹೋಗಿಬಿಡುವುದೇ ಉತ್ತಮ. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಚಿಕ್ಕಮ್ಮನೋ ಅಕ್ಕನೋ ಇದ್ದೇ ಇರುತ್ತಾರೆ. ಎರಡು ಮೂರು ವಾರ ಅವರಿಗೆ ತೊಂದರೆ ಅಂತ ಸಂಕೋಚಪಡಬೇಡಿ, ಇಂಥ ಹೊತ್ತಿಗಲ್ಲದೆ ಇನ್ಯಾವಾಗ ನೆಂಟರು?

ಗಾಡಿ ಇಲ್ಲದವರು, ತೋಟದ ಲೈನ್ ಮನೆಗಳಲ್ಲಿ ಇರುವವರು ತೋಟದ ರೈಟ್ರಿಗೆ (ಮೇಲ್ವಿಚಾರಕರಿಗೆ) ಈಗಲೇ ಹೇಳಿಡಿ, ರಾತ್ರಿ ಜೀಪ್ ಬೇಕಾಗಬಹುದು ಅಂತ. ತೋಟದ ಮಾಲೀಕರು ಇದನ್ನು ಓದುತ್ತಿದ್ದರೆ, ನಿಮ್ಮ ಲೈನಿನಲ್ಲಿ ದಿನ ತುಂಬಿದವರು ಯಾರಿದ್ದಾರೆ ಅಂತ ತಿಳಿದುಕೊಂಡು ಜೀಪಿನ ಕೀ ಎಲ್ಲಿರುತ್ತದೆ ಅಂತ ಇಬ್ಬರಿಗೆ ಹೇಳಿಡಿ. 108ಕ್ಕೆ ಕರೆ ಮಾಡಲು ದುಡ್ಡು ಕೊಡಬೇಕಿಲ್ಲ. ಆದರೆ ನೆಟ್‌ವರ್ಕ್ ಬೇಕು! ಮನೆಯ ಯಾವ ಮೂಲೆಯಲ್ಲಿ, ಯಾವ ದಿಣ್ಣೆ ಮೇಲೆ ಸಿಗ್ನಲ್ ಬರುತ್ತದೆ, ಕರೆಂಟ್ ಹೋಗಿ ಎರಡು ದಿನವಾದಾಗಲೂ ಅಲ್ಲಿ ಬರುತ್ತದಾ ಅಂತ ನೋಡಿಟ್ಟುಕೊಳ್ಳಿ. ಆಂಬ್ಯುಲೆನ್ಸಿನವರಿಗೆ "ನಮ್ಮ ತೋಟದ ಹತ್ತಿರ" ಅಂದರೆ ತಿಳಿಯುವುದಿಲ್ಲ. ಪಂಚಾಯಿತಿ ಹೆಸರು, ಹತ್ತಿರದ ಶಾಲೆ, ಬಸ್ ನಿಲ್ಲುವ ಜಾಗ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಡಿ. ಆಂಬ್ಯುಲೆನ್ಸ್ ಮನೆ ಬಾಗಿಲಿಗೆ ಬರಲಿ ಅಂತ ಕಾಯದೆ, ಜೀಪಿನಲ್ಲಿ ಟಾರು ರಸ್ತೆವರೆಗೆ ಕರೆದುಕೊಂಡು ಹೋಗಿ ಅಲ್ಲಿ ಹತ್ತಿಸಿದರೆ ಎಷ್ಟೋ ಸಮಯ ಉಳಿಯುತ್ತದೆ.

3. ಚೀಲ

ಕಾಗದಗಳನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ: ತಾಯಿ ಕಾರ್ಡ್, ಸ್ಕ್ಯಾನ್ ಮತ್ತು ರಕ್ತದ ರಿಪೋರ್ಟು, ಇಬ್ಬರ ಆಧಾರ್, ರೇಷನ್ ಕಾರ್ಡ್, ತಾಯಿಯ ಹೆಸರಿನ ಬ್ಯಾಂಕ್ ಪಾಸ್‌ಬುಕ್. ಎಲ್ಲವನ್ನೂ ಫೋನಿನಲ್ಲಿ ಫೋಟೋ ತೆಗೆದಿಡಿ.

ಅಮ್ಮನಿಗೆ ಮುಂದೆ ಬಿಚ್ಚುವ ನೈಟಿಗಳು, ದೊಡ್ಡ ಪ್ಯಾಡು, ಒಳಬಟ್ಟೆ, ಸ್ವೆಟರ್, ಕಾಲುಚೀಲ, ಚಪ್ಪಲಿ, ಲೋಟ, ಫ್ಲಾಸ್ಕು, ಚಾರ್ಜರ್. ಮಗುವಿಗೆ ಹಳೆಯ ಮೆತ್ತನೆ ಹತ್ತಿ ಸೀರೆಯ ಅಥವಾ ಪಂಚೆಯ ತುಂಡುಗಳು, ಟೋಪಿ, ಕಾಲುಚೀಲ, ದಪ್ಪ ಬಟ್ಟೆ. ಹೊಸ ಬಟ್ಟೆ ಆದರೂ ಒಗೆದೇ ಹಾಕಬೇಕು. ಆಷಾಢದ ಮಳೆಯಲ್ಲಿ ಬಿಸಿಲು ಎಲ್ಲಿಂದ ತರುವುದು? ಒಗೆದು ಒಳಗೇ ಆರಿಸಿ ಬಿಸಿ ಇಸ್ತ್ರಿ ಹಾಕಿ ಮಡಿಸಿಡಿ. ಬಚ್ಚಲೊಲೆ ಮೇಲೆ ಒಣಗಿಸಿದ ಹೊಗೆ ಹಿಡಿದ ಬಟ್ಟೆ ಮಗುವಿಗೆ ಬೇಡ. ಮಳೆಗಾಲದಲ್ಲಿ ಒಗೆದದ್ದು ಬೇಗ ಒಣಗುವುದಿಲ್ಲವಾದ್ದರಿಂದ ಬಟ್ಟೆ ತುಂಡುಗಳು ಬೇಸಿಗೆಗಿಂತ ಎರಡರಷ್ಟು ಇರಲಿ. ಚೀಲ ಬಾಗಿಲ ಹತ್ತಿರವೇ ಇರಲಿ.

4. ಮೈಯಲ್ಲಿ ಏನೇನು ಆಗುತ್ತದೆ

ಮಗು ಕೆಳಗೆ ಇಳಿಯುತ್ತದೆ. ಮೊದಲ ಬಸುರಿನಲ್ಲಿ ಹೆರಿಗೆಗೆ ಎರಡರಿಂದ ನಾಲ್ಕು ವಾರ ಮೊದಲೇ ತಲೆ ಕಿಬ್ಬೊಟ್ಟೆಗೆ ಬಂದು ಕೂರಬಹುದು, ಎರಡನೆಯದಾದರೆ ನೋವು ಶುರುವಾಗುವವರೆಗೂ ಇಳಿಯದೇ ಇರಬಹುದು. ಇಳಿದ ಮೇಲೆ ಉಸಿರಾಟ ಸಲೀಸು, ಎದೆಯುರಿ ಕಡಿಮೆ, ಆದರೆ ಮೂತ್ರಕ್ಕೆ ಮಾತ್ರ ರಾತ್ರಿಯೆಲ್ಲ ಏಳಬೇಕು. ಮೂತ್ರಕ್ಕೆ ಹೆದರಿ ನೀರು ಕುಡಿಯುವುದು ಬಿಡಬೇಡಿ. ಉರಿ ಇದ್ದರೆ, ಜ್ವರ ಇದ್ದರೆ ಸೋಂಕು ಇರಬಹುದು, ತೋರಿಸಿ. ಸೊಂಟ ಹಿಡಿಯುತ್ತದೆ, ತೊಡೆಸಂದಿಯಲ್ಲಿ ಚುಳಕ್ ಅನ್ನುತ್ತದೆ, ಪಾದ ಊದುತ್ತದೆ, ನಿದ್ದೆ ತುಂಡು ತುಂಡಾಗುತ್ತದೆ. ಕಾಲು ಎತ್ತರಕ್ಕಿಟ್ಟರೆ ಪಾದದ ಊತ ಇಳಿಯಬೇಕು. ಮಲಗುವಾಗ ಅಂಗಾತ ಬೇಡ, ಮಗ್ಗುಲಾಗಿ ಮಲಗಿ, ಎಡಮಗ್ಗುಲು ಒಳ್ಳೆಯದು. ಅಂಗಾತ ಮಲಗಿದರೆ ಹೊಟ್ಟೆಯ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಮಗುವಿಗೆ ಹೋಗುವ ರಕ್ತ ಕಡಿಮೆಯಾಗಬಹುದು. ನಿದ್ದೆಯಲ್ಲಿ ಹೊರಳಿದ್ದರೆ ಗಾಬರಿ ಬೇಡ, ಎಚ್ಚರವಾದಾಗ ಮತ್ತೆ ಮಗ್ಗುಲಾಗಿ.

ಬಿಳಿ ಹೋಗುವುದು ಜಾಸ್ತಿ ಆಗುತ್ತದೆ. ಒಂದು ದಿನ ಲೋಳೆಯ ಗಟ್ಟಿ ಮುದ್ದೆ, ಸ್ವಲ್ಪ ರಕ್ತದ ಗೆರೆ ಸೇರಿ ಬೀಳಬಹುದು. ಗರ್ಭಕೋಶದ ಬಾಯಿ ಮುಚ್ಚಿಕೊಂಡಿದ್ದ ಲೋಳೆ ಅದು. ಆಮೇಲೆ ಕೆಲವರಿಗೆ ಗಂಟೆಗಳಲ್ಲಿ ನೋವು ಶುರುವಾಗುತ್ತದೆ, ಕೆಲವರಿಗೆ ವಾರವೇ ಹಿಡಿಯುತ್ತದೆ. ಅದೊಂದಕ್ಕೇ ಓಡಬೇಕಿಲ್ಲ. 37 ವಾರ ತುಂಬಿಲ್ಲದಿದ್ದರೆ ಮಾತ್ರ ತೋರಿಸಬೇಕು.

ಮನಸ್ಸಿನ ಮಾತು. ಭಯ ಆಗುತ್ತದೆ, ಸುಮ್ನೆ ಅಳು ಬರುತ್ತದೆ, ಅದು ಸಹಜ. ಆದರೆ ದಿನವಿಡೀ ಬೇಸರ, ಊಟ ಸೇರದು, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಬಾಯಿಬಿಟ್ಟು ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ, ದುಡ್ಡಿಲ್ಲ. ಮನೆಯವರು "ಎಲ್ಲರೂ ಹೆತ್ತಿಲ್ವಾ" ಅಂತ ಅನ್ನಬೇಡಿ. ಆ ಮಾತಿನಿಂದ ಯಾರ ಭಯವೂ ಹೋಗಿಲ್ಲ.

5. ಮಗುವಿನ ಓಡಾಟ: ಇದನ್ನು ಎರಡು ಸಲ ಓದಿ

"ಅಮ್ಮಾ, ಬೆಳಿಗ್ಗೆಯಿಂದ ಮಗು ಯಾಕೋ ಸುಮ್ನಿದೆ."
"ದಿನ ತುಂಬಿದಾಗ ಹಾಗೇ ಕಣೇ, ಒಳಗೆ ಜಾಗ ಸಾಲಲ್ಲ."

ಪ್ರೀತಿಯಿಂದಲೇ ಹೇಳುವ ಮಾತು, ಆದರೆ ತಪ್ಪು ಮಾತು. ಕೊನೆಯ ವಾರಗಳಲ್ಲಿ ಓಡಾಟದ ರೀತಿ ಬದಲಾಗಬಹುದು, ಒದೆಯುವುದು ಕಡಿಮೆಯಾಗಿ ಉರುಳುವುದು, ನೂಕುವುದು ಜಾಸ್ತಿ ಆಗಬಹುದು. ಓಡಾಟವೇ ಕಡಿಮೆ ಆಗಬಾರದು. ಹೆರಿಗೆ ನೋವು ಶುರುವಾದ ಮೇಲೂ ಮಗು ಅಲುಗಾಡುತ್ತಿರಬೇಕು.

ದಿನಕ್ಕೆ ಒಂದು ಹೊತ್ತು, ಊಟ ಆದ ಮೇಲೆ, ಎಡಮಗ್ಗುಲಾಗಿ ಮಲಗಿ ಎಣಿಸಿ. ಎರಡು ಗಂಟೆ ಒಳಗೆ 10 ಸಲ ಅಲುಗಾಡಬೇಕು. ಸಾಮಾನ್ಯವಾಗಿ ಅಷ್ಟು ಹೊತ್ತೂ ಬೇಕಾಗುವುದಿಲ್ಲ. ಈ ಎಣಿಕೆಗಿಂತ ಮುಖ್ಯ ನಿಮ್ಮ ಮಗುವಿನ ಅಭ್ಯಾಸ, ಅದು ನಿಮಗೆ ಮಾತ್ರ ಗೊತ್ತು. ಅಭ್ಯಾಸಕ್ಕಿಂತ ಕಡಿಮೆ ಅನ್ನಿಸಿದರೆ ಅದೇ ದಿನ, ಅದೇ ರಾತ್ರಿ ಹೋಗಿ ಎದೆಬಡಿತ ನೋಡಿಸಿ. ನಾಳೆ ಬೆಳಿಗ್ಗೆ ನೋಡೋಣ ಅನ್ನುವುದು ಬೇಡ. ಹೋಗಿ ಎಲ್ಲ ಸರಿ ಇದೆ ಅಂತ ಬಂದರೆ ಯಾರಿಗೂ ನಷ್ಟ ಇಲ್ಲ. ಎರಡನೇ ಸಲ ಹಾಗೇ ಅನ್ನಿಸಿದರೆ ಎರಡನೇ ಸಲವೂ ಹೋಗಿ.

6. ಇವು ಕಂಡರೆ ಕಾಯಬಾರದು

ತಲೆ ಸಿಡಿಯುವ ನೋವು, ಕಣ್ಣು ಮಂಜಾಗುವುದು ಅಥವಾ ಮಿಂಚಿದಂತಾಗುವುದು, ಎದೆಗೂಡಿನ ಕೆಳಗೆ ಬಲಗಡೆ ನೋವು, ಮುಖ ಕೈ ದಿಢೀರ್ ಊದುವುದು. ಇವೆಲ್ಲ ಬಿಪಿ ಏರಿದ ಲಕ್ಷಣ. 140/90 ಮುಟ್ಟಿದರೆ ಜಾಸ್ತಿ, 160/110 ಅಂದರೆ ತುರ್ತು. ಬಿಟ್ಟರೆ ಫಿಟ್ಸ್ ಬರಬಹುದು. ಫಿಟ್ಸ್ ಬಂದಾಗ ಗಾಳಿ ಸೋಕು ಅಂತ ತಾಯಿತ ಕಟ್ಟಿಸುತ್ತಾ ಕೂತರೆ ಎರಡು ಜೀವ ಹೋಗುತ್ತದೆ, ಎಡಮಗ್ಗುಲಿಗೆ ತಿರುಗಿಸಿ ಮಲಗಿಸಿ, ಬಾಯಿಗೆ ಏನೂ ಹಾಕದೆ, ತಕ್ಷಣ ಹೊರಡಿಸಿ.

ಮುಟ್ಟಿನಂತೆ ಕೆಂಪು ರಕ್ತ ಹೋದರೆ, ನೋವಿರಲಿ ಇಲ್ಲದಿರಲಿ, ಆಸ್ಪತ್ರೆ. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ಸಡಿಲವೇ ಆಗದಿದ್ದರೆ ಆಸ್ಪತ್ರೆ. ಜ್ವರ ಚಳಿ ಬಂದರೆ ಆಸ್ಪತ್ರೆ. ಅಂಗೈ ಅಂಗಾಲು ರಾತ್ರಿ ಹೊತ್ತು ವಿಪರೀತ ತುರಿಸಿದರೆ ಎಣ್ಣೆ ಹಚ್ಚಿ ಸುಮ್ಮನಾಗಬೇಡಿ. ಅದು ಪಿತ್ತಜನಕಾಂಗದ ತೊಂದರೆ ಇರಬಹುದು, ಮಗುವಿಗೆ ಅಪಾಯ, ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತದೆ.

ಗ್ರಹಣ, ಅಮಾವಾಸ್ಯೆ ಅಂತ ಇವುಗಳಲ್ಲಿ ಯಾವುದನ್ನೂ ಮುಂದಕ್ಕೆ ಹಾಕಬೇಡಿ. ಗ್ರಹಣದ ಹೊತ್ತು ಅಂತ ಬಸುರಿಯನ್ನು ಗಂಟೆಗಟ್ಟಲೆ ನೀರು ಕೊಡದೆ ಕೂರಿಸುವುದೂ ಬೇಡ.

7. ಸುಳ್ಳು ನೋವು, ನಿಜ ನೋವು

ಸುಳ್ಳು ನೋವು ಹೊಟ್ಟೆಯ ಮುಂಭಾಗದಲ್ಲಿ ಬಿಗಿ ಹಿಡಿಯುತ್ತದೆ, ಹೊತ್ತು ಗೊತ್ತಿಲ್ಲ. ಇಪ್ಪತ್ತು ನಿಮಿಷಕ್ಕೆ ಒಂದು, ಆಮೇಲೆ ಏಳು ನಿಮಿಷಕ್ಕೆ, ಆಮೇಲೆ ಒಂದು ಗಂಟೆ ಸುಮ್ಮನೆ. ಓಡಾಡಿದರೆ, ನೀರು ಕುಡಿದು ಮಲಗಿದರೆ ಕಡಿಮೆಯಾಗುತ್ತದೆ. ನಿಜ ನೋವು ಹೆಚ್ಚಾಗಿ ಸೊಂಟದಿಂದ ಎದ್ದು ಮುಂದಕ್ಕೆ ಬರುತ್ತದೆ, ಒಂದು ಲಯ ಹಿಡಿಯುತ್ತದೆ, ನಡೆದರೂ ಮಲಗಿದರೂ ಬಿಡದು, ಒಂದಕ್ಕಿಂತ ಇನ್ನೊಂದು ಜೋರು, ನಡುವಿನ ಅಂತರ ಕಡಿಮೆಯಾಗುತ್ತಾ ಹೋಗುತ್ತದೆ. ನೋವಿನ ಮಧ್ಯೆ ಮಾತಾಡಲು ಆಗುತ್ತಿಲ್ಲ ಅಂದರೆ ಅದು ನಿಜದ್ದೇ.

ಹಿರಿಯರು ಜೀರಿಗೆ ಕಷಾಯ ಕುಡಿಸಿ ನೋಡುತ್ತಾರೆ, ಸುಳ್ಳು ನೋವಾದರೆ ನಿಲ್ಲುತ್ತದೆ ಅಂತ. ಒಂದು ಲೋಟ ಬೆಚ್ಚಗಿನ ಕಷಾಯದಿಂದ ಹಾನಿ ಇಲ್ಲ, ಕುಡಿಯಿರಿ. ಆದರೆ ಕಷಾಯ ಕುಡಿದು ನೋಡೋಣ ಅಂತ ಹೊರಡುವುದನ್ನು ತಡ ಮಾಡಬೇಡಿ. ಹರಳೆಣ್ಣೆ ಮಾತ್ರ ಬೇಡವೇ ಬೇಡ, ಭೇದಿಯಾಗಿ ಮೈಯ ನೀರೆಲ್ಲ ಹೋಗಿ ಹೆರಿಗೆಗೆ ಶಕ್ತಿಯೇ ಉಳಿಯುವುದಿಲ್ಲ.

ಎಣಿಸುವುದು ಹೀಗೆ: ಒಂದು ನೋವು ಶುರುವಾದ ಹೊತ್ತಿನಿಂದ ಮುಂದಿನ ನೋವು ಶುರುವಾಗುವ ಹೊತ್ತಿಗೆ ಎಷ್ಟು ನಿಮಿಷ, ಒಂದೊಂದು ನೋವು ಎಷ್ಟು ಸೆಕೆಂಡ್ ಇರುತ್ತದೆ. ಗಂಡನ ಕೈಗೆ ಪೆನ್ನು ಕಾಗದ ಕೊಡಿ, ಅವನು ಬರೆಯಲಿ.

ಮೊದಲ ಹೆರಿಗೆ, ಆಸ್ಪತ್ರೆ ಅರ್ಧ ಗಂಟೆ ಒಳಗಿದೆ ಅಂದರೆ, ಐದು ನಿಮಿಷಕ್ಕೊಂದರಂತೆ, ಒಂದೊಂದೂ ಒಂದು ನಿಮಿಷ ಇದ್ದು, ಒಂದು ಗಂಟೆ ಹಾಗೇ ಮುಂದುವರಿದಾಗ ಹೊರಡಬಹುದು. ಒಂದು ಗಂಟೆ ಅಥವಾ ಹೆಚ್ಚು ದಾರಿ ಇದ್ದವರು ಹತ್ತು ನಿಮಿಷಕ್ಕೊಂದು ಲಯ ಹಿಡಿದ ಕೂಡಲೇ ಹೊರಡಿ. ಎರಡನೇ, ಮೂರನೇ ಹೆರಿಗೆಯವರು ಲಯ ಕಂಡ ತಕ್ಷಣ ಹೊರಡಿ, ಎರಡನೆಯದು ಸಾಮಾನ್ಯವಾಗಿ ಬೇಗ ಆಗುತ್ತದೆ. ಹಿಂದೆ ಸಿಸೇರಿಯನ್ ಆದವರು ಮನೆಯಲ್ಲಿ ಎಣಿಸುತ್ತಾ ಕೂರುವಂತೆಯೇ ಇಲ್ಲ.

8. ನೀರು ಹೋದರೆ

ಹೊಟ್ಟೆಯಲ್ಲಿ ಮಗುವಿನ ಸುತ್ತ ಇರುವ ನೀರು ಕೆಲವರಿಗೆ ದಬದಬ ಅಂತ ಹೋಗುತ್ತದೆ, ಕೆಲವರಿಗೆ ಸ್ವಲ್ಪ ಸ್ವಲ್ಪ ಜಿನುಗಿ ಮೂತ್ರವೋ ನೀರೋ ತಿಳಿಯುವುದಿಲ್ಲ. ಒಣ ಪ್ಯಾಡ್ ಇಟ್ಟು ಅರ್ಧ ಗಂಟೆ ಓಡಾಡಿ ನೋಡಿ, ಒದ್ದೆಯಾಗುತ್ತಲೇ ಇದ್ದರೆ ನೀರೇ ಅಂತ ಹೊರಡಿ. ನೋವು ಇರಲೇಬೇಕು ಅಂತಿಲ್ಲ. ಹೋದ ಹೊತ್ತು ಬರೆದಿಡಿ, ಬಣ್ಣ ನೋಡಿ. ತಿಳಿಯಾಗಿದ್ದರೆ ಸರಿ. ಹಸಿರೋ ಕಂದೋ ಇದ್ದರೆ ಮಗು ಒಳಗೇ ಮಲ ಮಾಡಿದೆ ಅಂತ ಅರ್ಥ, ಕೆಟ್ಟ ವಾಸನೆ ಇದ್ದರೆ ಸೋಂಕು, ಎರಡಕ್ಕೂ ತಡ ಮಾಡಬಾರದು. ನೀರು ಹೋಗಿ ಹೊತ್ತಾದಷ್ಟೂ ಸೋಂಕಿನ ಅಪಾಯ ಜಾಸ್ತಿ.

ಅಪರೂಪಕ್ಕೆ ಹೊಕ್ಕುಳಬಳ್ಳಿ ಮೊದಲು ಹೊರಗೆ ಬಂದುಬಿಡುತ್ತದೆ. ಹಗ್ಗದಂಥದ್ದು ಕಂಡರೆ ಒಳಗೆ ತಳ್ಳಬೇಡಿ. ಎಡಮಗ್ಗುಲಾಗಿ ಮಲಗಿಸಿ, ಸೊಂಟದ ಕೆಳಗೆ ದಿಂಬು ಕೊಟ್ಟು ಎತ್ತರ ಮಾಡಿ, ಆಸ್ಪತ್ರೆಗೆ ಫೋನ್ ಮಾಡುತ್ತಲೇ ಹೊರಡಿ. ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುವ ಹೊತ್ತು ಅದು.

ದಾರಿಯಲ್ಲೇ ಹೆರಿಗೆ ಆಗುವಂತಾದರೆ ಗಾಡಿ ನಿಲ್ಲಿಸಿ, 108ಕ್ಕೆ ಫೋನ್ ಮಾಡಿ, ಅವರು ಹೇಳಿದಂತೆ ಮಾಡಿ. ಮಗುವನ್ನು ಎಳೆಯಬಾರದು, ಬರುವುದನ್ನು ಕೈಯಲ್ಲಿ ಹಿಡಿದುಕೊಂಡರೆ ಸಾಕು. ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಅಮ್ಮನ ಎದೆಯ ಮೇಲೆ ಮೈಗೆ ಮೈ ತಾಗುವಂತೆ ಮಲಗಿಸಿ, ಇಬ್ಬರಿಗೂ ಹೊದಿಸಿ. ಬಳ್ಳಿ ಕತ್ತರಿಸಬೇಡಿ, ಮಾಸನ್ನು ಎಳೆಯಬೇಡಿ, ಹಾಗೇ ಆಸ್ಪತ್ರೆಗೆ ಹೋಗಿ.

9. ಹೆರಿಗೆ ವಾರ್ಡಿನಲ್ಲಿ

ಹೋದ ಕೂಡಲೇ ಬಿಪಿ, ಮಗುವಿನ ಎದೆಬಡಿತ ನೋಡಿ, ಒಳಗೆ ಪರೀಕ್ಷೆ ಮಾಡಿ ಗರ್ಭಕೋಶದ ಬಾಯಿ ಎಷ್ಟು ಬಿಟ್ಟಿದೆ ಅಂತ ಹೇಳುತ್ತಾರೆ. ಪೂರ್ತಿ ಅಂದರೆ 10 ಸೆಂಟಿಮೀಟರ್. ಮೊದಲ ನಾಲ್ಕೈದು ಸೆಂಟಿಮೀಟರ್ ತುಂಬ ನಿಧಾನ, ಆಮೇಲೆ ವೇಗ. ಮೊದಲ ಹೆರಿಗೆಗೆ ಒಟ್ಟು 12ರಿಂದ 18 ಗಂಟೆ ಹಿಡಿದರೂ ಅದು ಸಹಜ. ಹಾಗಾಗಿ ಹೊರಗೆ ಕೂತವರು ಎರಡು ಗಂಟೆಗೇ "ಇನ್ನೂ ಆಗಿಲ್ವಾ, ಆಪರೇಷನ್ ಮಾಡಿಸಿಬಿಡಿ" ಅಂತ ಒತ್ತಾಯ ಮಾಡಬಾರದು. ಮಗುವಿನ ಎದೆಬಡಿತ ಇಳಿಯುತ್ತಿದೆ, ಹೆರಿಗೆ ಮುಂದುವರಿಯುತ್ತಿಲ್ಲ ಅಂತ ಡಾಕ್ಟರ್ ಹೇಳಿದಾಗ ಮಾತ್ರ ಸಹಿ ಹಾಕಲು ತಡವೂ ಮಾಡಬಾರದು.

ಓಡಾಡಲು ಬಿಟ್ಟರೆ ಓಡಾಡಿ, ಒಂದೇ ಕಡೆ ಅಂಗಾತ ಮಲಗಿರಬೇಡಿ. ಬೇಡ ಅಂತ ಹೇಳದಿದ್ದರೆ ಗಂಜಿ, ಎಳನೀರು, ನೀರು ಗುಟುಕರಿಸುತ್ತಿರಿ. ಮೂತ್ರ ಕಟ್ಟಿಕೊಳ್ಳಬೇಡಿ. ಸೊಂಟ ಒತ್ತಿಸಿಕೊಳ್ಳಿ, ನೋವು ಬಂದಾಗ ನಿಧಾನ ಉಸಿರು ಬಿಡಿ. ಪೂರ್ತಿ ಬಾಯಿ ಬಿಡುವ ಮೊದಲು ಮುಕ್ಕಿದರೆ ಸುಸ್ತು ಮಾತ್ರ. ಜೊತೆಗೆ ಒಬ್ಬ ಹೆಂಗಸು ಇರಲು ಸರ್ಕಾರಿ ಆಸ್ಪತ್ರೆಯಲ್ಲೂ ಅವಕಾಶ ಇದೆ, ಕೇಳಿ. ಧೈರ್ಯ ಹೇಳುವವರನ್ನು ಆರಿಸಿ, ಹಿರಿಯರು ಅನ್ನುವ ಕಾರಣಕ್ಕೆ ಹೆದರಿಸುವವರನ್ನು ಒಳಗೆ ಕಳಿಸಬೇಡಿ.

ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಗಾಡಿ ಎಲ್ಲ ಉಚಿತ. ಯಾರಾದರೂ ದುಡ್ಡು ಕೇಳಿದರೆ ಆರೋಗ್ಯ ಸಹಾಯವಾಣಿ 104ಕ್ಕೆ ಹೇಳಿ.

10. ಡೇಟು ದಾಟಿದರೆ, ಸಿಸೇರಿಯನ್‌ಗೆ ದಿನ ನೋಡುವಾಗ

ಡೇಟು ದಾಟಿ ಎರಡು ಮೂರು ದಿನಕ್ಕೇ ಗಾಬರಿ ಬೇಡ, ಆದರೆ ಚೆಕಪ್ ತಪ್ಪಿಸಬೇಡಿ, ಓಡಾಟ ಎಣಿಸುತ್ತಿರಿ. 41ನೇ ವಾರದ ಹೊತ್ತಿಗೆ ಜೆಲ್ ಇಟ್ಟೋ, ಮಾತ್ರೆ ಕೊಟ್ಟೋ, ಡ್ರಿಪ್ ಹಾಕಿಯೋ ನೋವು ಬರಿಸುತ್ತಾರೆ. ಆಮೇಲೆ ಮಾಸಿನ ಶಕ್ತಿ ಇಳಿಯುತ್ತಾ ಹೋಗುತ್ತದೆ, ಅದಕ್ಕೇ ಈ ಆತುರ.

ಸಿಸೇರಿಯನ್ ಅಂತ ಮೊದಲೇ ತೀರ್ಮಾನ ಆಗಿದ್ದರೆ ಮನೆಯವರು ನಕ್ಷತ್ರ, ಗಳಿಗೆ ನೋಡಿಸುತ್ತಾರೆ. ಡಾಕ್ಟರ್ ಕೊಟ್ಟ ದಿನಗಳ ಒಳಗೆ ಒಳ್ಳೆಯ ಗಳಿಗೆ ಆರಿಸಿಕೊಂಡರೆ ಯಾರದೂ ತಕರಾರಿಲ್ಲ. ಆದರೆ ಒಳ್ಳೆ ನಕ್ಷತ್ರಕ್ಕೆ ಅಂತ 37ನೇ ವಾರಕ್ಕೇ ಮಗುವನ್ನು ತೆಗೆಸುವುದು ತಪ್ಪು. ತೊಂದರೆ ಇಲ್ಲದಿರುವಾಗ 39 ವಾರಕ್ಕಿಂತ ಮೊದಲು ತೆಗೆದ ಮಕ್ಕಳಿಗೆ ಉಸಿರಾಟದ ಕಷ್ಟ ಜಾಸ್ತಿ.

11. ಮಗು ಬಂದ ಮೇಲೆ

ಮಾಸು ಅರ್ಧ ಗಂಟೆ ಒಳಗೆ ಬೀಳಬೇಕು. ರಕ್ತ ಜಾಸ್ತಿ ಹೋಗದಿರಲಿ ಅಂತ ತೊಡೆಗೆ ಇಂಜೆಕ್ಷನ್ ಕೊಡುತ್ತಾರೆ. ಮಗುವನ್ನು ಎದೆಯ ಮೇಲೆ ಹಾಕಿ ಅಂತ ಕೇಳಿ, ಒಂದು ಗಂಟೆ ಒಳಗೆ ಹಾಲು ಕುಡಿಸಿ. ಮೊದಲು ಬರುವ ಹಳದಿ ಗಟ್ಟಿ ಹಾಲನ್ನು ಹಿಂಡಿ ಚೆಲ್ಲಬೇಡಿ, ರೋಗ ತಡೆಯುವ ಶಕ್ತಿ ಇರುವುದೇ ಅದರಲ್ಲಿ. ಜೇನುತುಪ್ಪ, ಸಕ್ಕರೆ ನೀರು, ಕತ್ತೆ ಹಾಲು ಯಾವುದೂ ಬೇಡ. ಸ್ನಾನಕ್ಕೆ ಅವಸರ ಮಾಡಬೇಡಿ, ಅದರಲ್ಲೂ ನಮ್ಮ ಕಡೆಯ ಥಂಡಿಗೆ ಮಗು ಬೇಗ ತಣ್ಣಗಾಗುತ್ತದೆ. 24 ಗಂಟೆ ಒಳಗೆ ವಿಟಮಿನ್ ಕೆ ಮತ್ತು ಹೆಪಟೈಟಿಸ್ ಬಿ ಇಂಜೆಕ್ಷನ್ ಆಗಿದೆಯಾ, ಮನೆಗೆ ಹೋಗುವ ಮೊದಲು ಬಿಸಿಜಿ ಮತ್ತು ಪೋಲಿಯೋ ಹನಿ ಆಗಿದೆಯಾ ಅಂತ ತಾಯಿ ಕಾರ್ಡಿನಲ್ಲಿ ನೋಡಿ.

ನಾರ್ಮಲ್ ಹೆರಿಗೆ ಆದರೂ 48 ಗಂಟೆ ಆಸ್ಪತ್ರೆಯಲ್ಲಿ ಇರಿ. ಅತಿ ರಕ್ತಸ್ರಾವ ಹೆಚ್ಚಾಗಿ ಆಗುವುದು ಮೊದಲ 24 ಗಂಟೆಯಲ್ಲಿ. ಸರ್ಕಾರಿ ಆಸ್ಪತ್ರೆಯಿಂದ ಮನೆಗೆ ಬಿಡಲು ನಗು-ಮಗು ಗಾಡಿ ಇದೆಯಾ ಅಂತ ವಿಚಾರಿಸಿ. ಜನನ ನೋಂದಣಿ 21 ದಿನದೊಳಗೆ ಆಗಬೇಕು. ಆಸ್ಪತ್ರೆಯಲ್ಲೇ ಮಾಡುತ್ತಾರೆ, ಅಪ್ಪ ಅಮ್ಮನ ಹೆಸರಿನ ಅಕ್ಷರ ಆಧಾರಿನಲ್ಲಿ ಇದ್ದಂತೆಯೇ ಇದೆಯಾ ಅಂತ ಅಲ್ಲೇ ನೋಡಿ, ಮಗುವಿನ ಹೆಸರನ್ನು ಆಮೇಲೆ ಸೇರಿಸಬಹುದು.

ಮನೆಗೆ ಬಂದ ಮೇಲೆ ಬಾಣಂತಿ ಕೋಣೆ ಬೆಚ್ಚಗಿರಲಿ, ಹೊಗೆ ಬೇಡ. ನೀರು ಕಡಿಮೆ ಕೊಡುವ ಪಥ್ಯ ಬೇಡ, ಹಾಲು ಬರಲು ನೀರು ಬೇಕು. ಒಂದು ಗಂಟೆಯಲ್ಲಿ ಪೂರ್ತಿ ಪ್ಯಾಡ್ ತೊಯ್ದರೆ, ಜ್ವರ ಬಂದರೆ, ಕೆಟ್ಟ ವಾಸನೆ ಬಂದರೆ, ಒಂದು ಕಾಲು ಮಾತ್ರ ಊದಿ ನೋವಾದರೆ, ತಲೆ ಸಿಡಿದು ಕಣ್ಣು ಮಂಜಾದರೆ ಬಾಣಂತಿಯನ್ನು ಹೊರಗೆ ಕಳಿಸಬಾರದು ಅಂತ ನೋಡದೆ ಅದೇ ಗಾಡಿಯಲ್ಲಿ, ಅದೇ ದಾರಿಯಲ್ಲಿ ವಾಪಸ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಿಪಿ ಹೆರಿಗೆಯ ಆರು ವಾರದವರೆಗೂ ಏರಬಹುದು. ಹಾಗಾಗಿ ಆಶಾ ಕಾರ್ಯಕರ್ತೆ, ನರ್ಸಮ್ಮ ಮನೆಗೆ ಬಂದಾಗ ಮಗುವನ್ನು ಮಾತ್ರ ತೋರಿಸಿ ಕಳಿಸಬೇಡಿ, ಅಮ್ಮನ ಬಿಪಿಯನ್ನೂ ನೋಡಿಸಿ.